ಸಹಾಯ ಬೇಕು: ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಸ್ಟ್ರೇ ಲೈಟ್ ಜಾಸ್ತಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜು ಲ್ಯಾಬಿನ ಯುವಿ ಸ್ಪೆಕ್ಟ್ರೋಫೋಟೋಮೀಟರ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಯಂತ್ರ) ಬಗ್ಗೆ ಗೊತ್ತಿರುವವರ ಸಲಹೆ ಬೇಕು. ಅದರಲ್ಲಿ ಸ್ಟ್ರೇ ಲೈಟ್, ಅಂದರೆ ನಾವು ಆರಿಸಿದ ತರಂಗಾಂತರದ್ದಲ್ಲದ ಬೆಳಕು, ಜಾಸ್ತಿ ಇದೆ ಅನಿಸುತ್ತಿದೆ.

ಪರೀಕ್ಷೆ ಮಾಡಿದ್ದು ಹೀಗೆ: ಲೀಟರಿಗೆ 12 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಹಾಕಿದ ದ್ರಾವಣ, 10 ಮಿ.ಮೀ. ಕ್ವಾರ್ಟ್ಜ್ ಕ್ಯುವೆಟ್ (ದ್ರಾವಣ ಹಾಕುವ ಪುಟ್ಟ ಪಾರದರ್ಶಕ ಪಾತ್ರೆ), ಬ್ಲ್ಯಾಂಕ್‌ಗೆ, ಅಂದರೆ ಹೋಲಿಕೆಗೆ, ಶುದ್ಧ ನೀರು. 198 ನ್ಯಾನೋಮೀಟರ್ ತರಂಗಾಂತರದಲ್ಲಿ ಅಬ್ಸಾರ್ಬೆನ್ಸ್ (ಬೆಳಕು ಹೀರುವ ಪ್ರಮಾಣ) 2 ದಾಟಬೇಕು, ಅಲ್ವಾ? ನಮ್ಮಲ್ಲಿ 1.8ಕ್ಕೇ ನಿಲ್ಲುತ್ತಿದೆ. ಅಂದರೆ ಸುಮಾರು 1.6% ಬೆಳಕು ಡಿಟೆಕ್ಟರ್‌ಗೆ ಹೋಗುತ್ತಿದೆ. ಆ ದ್ರಾವಣ ಅಲ್ಲಿ ಬೆಳಕನ್ನೇ ಬಿಡುವುದಿಲ್ಲ. ಹಾಗಾಗಿ ಇದು ಬೇರೆ ತರಂಗಾಂತರದ ಬೆಳಕೇ ಇರಬೇಕು.

340 ನ್ಯಾನೋಮೀಟರ್‌ನಲ್ಲಿ ಸೋಡಿಯಂ ನೈಟ್ರೈಟ್ ದ್ರಾವಣ ಇಟ್ಟು ಇದೇ ಪರೀಕ್ಷೆ ಮಾಡಿ ನೋಡಿದರೆ ಎಲ್ಲ ಸರಿ ಇದೆ. ಅದಕ್ಕೇ ಯುವಿ ಬೆಳಕು ಕೊಡುವ ಡ್ಯುಟೇರಿಯಂ ದೀಪದ ಮೇಲೆ ನನ್ನ ಅನುಮಾನ. ದೀಪ ಹಳೆಯದು. 198ರ ಬೆಳಕು ಕಡಿಮೆಯಾದರೆ ಸ್ಟ್ರೇ ಲೈಟಿನ ಪಾಲು ತಾನಾಗಿಯೇ ಏರುತ್ತದೆ. ಆದರೆ ಯಂತ್ರದೊಳಗಿನ ಕನ್ನಡಿ ಮೇಲೆ ಧೂಳು ಕೂತರೂ ಹೀಗಾಗಬಹುದು.

ದೀಪಕ್ಕೆ ದುಡ್ಡು ಸುರಿಯುವ ಮೊದಲು ಇವೆರಡನ್ನು ಬೇರೆ ಮಾಡಿ ನೋಡುವುದು ಹೇಗೆ? ಗ್ರೇಟಿಂಗ್ (ಬೆಳಕನ್ನು ತರಂಗಾಂತರಗಳಾಗಿ ಬಿಡಿಸುವ ಭಾಗ) ಮುಟ್ಟುವ ಧೈರ್ಯ ನನಗಿಲ್ಲ, ಮುಟ್ಟಲೂಬಾರದು. ಕನ್ನಡಿಗಳನ್ನಾದರೂ ನಾವೇ ಒರೆಸಬಹುದಾ?

ಬಿಯರ್ ನಿಯಮದ ಪ್ರಕಾರ ದ್ರಾವಣದ ಸಾಂದ್ರತೆ ಏರಿದಂತೆ ಅಬ್ಸಾರ್ಬೆನ್ಸ್ ನೇರ ಗೆರೆಯಲ್ಲಿ ಏರಬೇಕು, ಆದರೆ ಮಕ್ಕಳ ಗ್ರಾಫ್ ಮೇಲ್ತುದಿಯಲ್ಲಿ ಬಾಗುತ್ತಿದೆ. ಪಾಪ, ತಾವೇ ದ್ರಾವಣ ತಪ್ಪಾಗಿ ಮಾಡಿದೆವು ಅಂದುಕೊಳ್ಳುತ್ತಾರೆ. ದಯವಿಟ್ಟು ತಿಳಿಸಿ.