ಮೀನುಗಾರಿಕೆ ಬಂದ್ ಇರುವಾಗ ಅಪ್ಪ-ಅಮ್ಮನನ್ನು ಪೋರ್ಚುಗಲ್‌ಗೆ ಕರೆದುಕೊಂಡು ಹೋಗಬೇಕು, ಎಲ್ಲಿ ಎಷ್ಟು ದಿನ ಇರೋದು?

ಬೈತಖೋಲ್_ಹುಡುಗಿ

ನಾವು ಕಾರವಾರದವರು. ಅಪ್ಪ ನಲವತ್ತು ವರ್ಷದಿಂದ ಬೋಟಿನಲ್ಲಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುತ್ತದಲ್ಲ, ಆ 61 ದಿನ ಬಿಟ್ಟರೆ ಅವರಿಗೆ ಬಿಡುವೇ ಇಲ್ಲ. ಈ ಸಲ ಜೂನ್‌ನಲ್ಲೇ ಅಪ್ಪ-ಅಮ್ಮನಿಗೆ ಯುರೋಪ್ ತೋರಿಸಬೇಕು ಅಂತ ನನ್ನಾಸೆ. ಟೂರ್‌ನವರೊಬ್ಬರು ಹತ್ತು ದಿನಕ್ಕೆ ಐದು ದೇಶದ ಪಟ್ಟಿ ಕೊಟ್ಟರು. ಅಪ್ಪ ಅದನ್ನು ಎರಡು ಸಲ ಓದಿ, "ಇದರಲ್ಲಿ ಬಂದರು ಎಲ್ಲಿದೆ?" ಅಂದರು.

ಅದಕ್ಕೇ ಪೋರ್ಚುಗಲ್ ಒಂದೇ ದೇಶ, ಹತ್ತು ರಾತ್ರಿ ಅಂದುಕೊಂಡಿದ್ದೇನೆ. ಹಳೇ ಊರು, ಕಡಲು, ಅಲ್ಲಿಯವರು ದಿನಾ ಉಣ್ಣುವ ಊಟ, ಇಷ್ಟು ಸಾಕು. ಜೊತೆಗೆ ಶಿರಸಿಯ ಗೆಳತಿ ಬರುತ್ತಾಳೆ, ಅವಳಿಗೆ ಮೊಟ್ಟೆ ಅಡ್ಡಿಯಿಲ್ಲ, ಮೀನು-ಮಾಂಸ ಮುಟ್ಟುವುದಿಲ್ಲ. ಅಮ್ಮನಿಗೆ ಮೊಣಕಾಲು ನೋವು. ಹೋಗಿ ಬಂದವರು ಹೇಳಿ.

ಶರಾವತಿ_ಕಡವು

ನಿಮ್ಮ ತಂದೆಗಾದರೆ ನಜರೆ ಅನ್ನುವ ಮೀನುಗಾರರ ಊರು. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಲಿಸ್ಬನ್‌ನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್, ನೇರ ಬಸ್ ಇದೆ. ಎಲ್ಲರೂ ಹೇಳುವ ರಾಕ್ಷಸ ಅಲೆಗಳು ಬರುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಊರಿನ ಎದುರಿಗೇ ಸಮುದ್ರದ ತಳದಲ್ಲಿ ದೊಡ್ಡ ಕಣಿವೆ ಇದೆ, ಅದರಿಂದಲೇ ಅಲೆ ಅಷ್ಟು ಎದ್ದು ನಿಲ್ಲುವುದು. ಜೂನ್‌ನಲ್ಲಿ ಅದು ಕಾಣುವುದಿಲ್ಲ, ಆದರೆ ನಿಮ್ಮ ಅಪ್ಪ ನೋಡಬೇಕಾದ್ದು ಬೇರೆಯೇ ಇದೆ.

ಅಲ್ಲಿ ಹೆಂಗಸರು ಕಡಲ ದಂಡೆಯಲ್ಲೇ ಮೀನು ಒಣಗಿಸುತ್ತಾರೆ. ಮರದ ಚೌಕಟ್ಟಿಗೆ ಬಲೆ ಬಿಗಿದು, ಬಿಸಿಲಿಗೆ ಓರೆಯಾಗಿ ನಿಲ್ಲಿಸಿರುತ್ತಾರೆ. ಹೊಟ್ಟೆ ಸೀಳಿ, ತೊಳೆದು, ಉಪ್ಪುನೀರಿನಲ್ಲಿ ಅದ್ದಿದ ಮೀನನ್ನು ಪುಸ್ತಕದ ಹಾಗೆ ಬಿಡಿಸಿ ಅದರ ಮೇಲೆ ಸಾಲಾಗಿ ಹಾಸಿರುತ್ತಾರೆ. ನಾನು ಹತ್ತಿರ ಹೋಗಿ ನೋಡಿದೆ, ಅಂಚು ಗರಿಗರಿ, ಬೆನ್ನಿನ ಹತ್ತಿರ ಇನ್ನೂ ಮೆತ್ತಗೆ. ಗಾಳಿ ತಿರುಗಿದಾಗ ಬಂದ ವಾಸನೆಗೆ ನನಗೆ ಹೊನ್ನಾವರದ ಕಾಸರಕೋಡಿನ ದಂಡೆಯೇ ನೆನಪಾಯಿತು, ಅಲ್ಲೇ ಸ್ವಲ್ಪ ಹೊತ್ತು ಕೂತುಬಿಟ್ಟೆ. ಒಂದು ಅಜ್ಜಿ ನಾನು ಏನೂ ಕೇಳದೆ ಒಂದು ತುಂಡು ಹರಿದು ಕೈಗಿಟ್ಟರು.

ಗುಡ್ಡದ ಮೇಲಿನ ಭಾಗಕ್ಕೆ 1889ರಿಂದ ಹಗ್ಗದ ರೈಲು ಇದೆ, ಅಮ್ಮನಿಗೆ ಅನುಕೂಲ. ಓಡುತ್ತಿದೆಯಾ ಅಂತ ಮುಂಚೆಯೇ ವಿಚಾರಿಸಿಕೊಳ್ಳಿ.

ದಾರಿಯಲ್ಲಿ ಓಬಿದುಶ್‌ನಲ್ಲಿ ಒಂದು ರಾತ್ರಿ ಇರಿ. ಇಡೀ ಊರಿಗೆ ಕೋಟೆ ಗೋಡೆ. 1282ರಲ್ಲಿ ರಾಜ ದಿನಿಶ್ ಈ ಊರನ್ನೇ ರಾಣಿಗೆ ಕೊಟ್ಟಿದ್ದ. ಹಗಲು ಬಸ್ಸುಗಟ್ಟಲೆ ಜನ, ಸಂಜೆ ಅವರೆಲ್ಲ ಹೋದ ಮೇಲೆ ಊರು ನಿಮ್ಮದೇ, ಜೂನ್‌ನಲ್ಲಿ ಒಂಬತ್ತು ಗಂಟೆಯವರೆಗೂ ಬೆಳಕಿರುತ್ತದೆ. ಗೋಡೆಯ ಮೇಲೆ ನಡೆಯಬಹುದು, ಆದರೆ ಒಳಬದಿಗೆ ಕಂಬಿ ಇಲ್ಲ, ಅಮ್ಮನನ್ನು ಹತ್ತಿಸಬೇಡಿ.

ಹೋಟೆಲ್‌ನಲ್ಲಿ ಕೂತ ಕೂಡಲೇ ಕೇಳದೇ ಇದ್ದರೂ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ತಿಂದರೆ ದುಡ್ಡು, ಬೇಡ ಅಂದರೆ ಸುಮ್ನೆ ತಗೊಂಡು ಹೋಗುತ್ತಾರೆ. ಮೀನಿನ ದರ ಕೆಲವು ಕಡೆ ಕಿಲೋ ಲೆಕ್ಕದಲ್ಲಿ ಬರೆದಿರುತ್ತಾರೆ, ತೂಕ ಹಾಕಿಸಿಯೇ ಹೇಳಿ. ನಾನು ಮೊದಲ ದಿನ ಎರಡರಲ್ಲೂ ಕೈ ಸುಟ್ಟುಕೊಂಡೆ.

ತೋಟದ_ಮನೆ_ಶಿರಸಿ

ನಿಮ್ಮ ಗೆಳತಿಗೆ ಹೇಳುತ್ತೇನೆ, ನಾನೂ ಸಸ್ಯಾಹಾರಿ. ಬರೀ "ವೆಜಿಟೇರಿಯನ್" ಅಂದರೆ ಹಳ್ಳಿ ಹೋಟೆಲ್‌ಗಳಲ್ಲಿ ಮೀನು ನಡೆಯುತ್ತದೆ ಅಂದುಕೊಳ್ಳುತ್ತಾರೆ. "ಸೆಂ ಕಾರ್ನ್, ಸೆಂ ಪೈಶ್" ಅನ್ನಿ, ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಕಾಲ್ಡು ವೆರ್ದ್ ಅಂತ ಆಲೂಗಡ್ಡೆ-ಸೊಪ್ಪಿನ ಸೂಪ್ ಎಲ್ಲ ಕಡೆ ಸಿಗುತ್ತದೆ, ಆದರೆ ಮೇಲೆ ಹಂದಿಮಾಂಸದ ಒಂದು ಬಿಲ್ಲೆ ಹಾಕುತ್ತಾರೆ. ಅದನ್ನು ತೆಗೆದಿಟ್ಟರೂ ಪ್ರಯೋಜನವಿಲ್ಲ, ಕೆಲವರು ಅದನ್ನು ಸೂಪಿನಲ್ಲೇ ಬೇಯಿಸಿರುತ್ತಾರೆ, ಮೊದಲೇ ಕೇಳಬೇಕು. ಪೈಶೀನ್ಯುಶ್ ದ ಓರ್ಟ ಅಂದರೆ "ತೋಟದ ಪುಟ್ಟ ಮೀನು". ಹೆಸರು ಕೇಳಿ ಹೆದರಬೇಡಿ, ಅದು ಬೀನ್ಸ್ ಭಜೆ! ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದಿದ್ದು. ಜಪಾನಿನ ಟೆಂಪುರಾಕ್ಕೆ ಮೂಲ ಇದೇ ಅನ್ನುತ್ತಾರೆ. ಅಲ್ಲಿಯವರು ಕೊತ್ತಂಬರಿ ಸೊಪ್ಪು ಧಾರಾಳವಾಗಿ ಹಾಕುತ್ತಾರೆ, ಮನೆ ಊಟ ಬಿಟ್ಟು ಬಂದವರಿಗೆ ಅದೇ ದೊಡ್ಡ ಸಮಾಧಾನ.

ಕರಿ_ಇಶಾಡು

ಶರಾವತಿಯವರ ಮಾತಿಗೆ ಒಂದು ಸೇರಿಸುತ್ತೇನೆ, ಅವೇರು ಅನ್ನುವ ಊರು ಬಿಡಬೇಡಿ. ಅಲ್ಲಿ ಹಿನ್ನೀರು, ಉಪ್ಪಿನ ಗದ್ದೆ ಎಲ್ಲ ಇದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ನೋಡಿದವರಿಗೆ ಎದೆ ತುಂಬಿ ಬರುತ್ತದೆ, ಅದೇ ಮಣ್ಣಿನ ಬದು, ಅದೇ ಬಿಳಿ ರಾಶಿ. ಆ ಉಪ್ಪಿನ ಗದ್ದೆಗಳ ಉಲ್ಲೇಖ 959ರ ದಾಖಲೆಯಲ್ಲೇ ಇದೆ. ಹತ್ತಿರದ ಇಲ್ಯಾವುನಲ್ಲಿ ಕಡಲ ಮ್ಯೂಸಿಯಂ ಇದೆ. ಹಿಂದೆ ಕಾಡ್ ಮೀನಿಗಾಗಿ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಹೋಗುತ್ತಿದ್ದವರು ಒಬ್ಬೊಬ್ಬರೇ ಕೂತು ಗಾಳ ಹಾಕುತ್ತಿದ್ದ ಪುಟ್ಟ ದೋಣಿಗಳನ್ನು ಅಲ್ಲಿ ಇಟ್ಟಿದ್ದಾರೆ. ಅದೇ ಮ್ಯೂಸಿಯಂನವರದ್ದು ಸಾಂತು ಆಂದ್ರೆ ಅನ್ನುವ ಹಳೇ ಟ್ರಾಲರ್ ಇದೆ, 1948ರದ್ದು. ಹತ್ತಿ ಎಂಜಿನ್ ರೂಮಿನವರೆಗೆ ನೋಡಬಹುದು.

ಇನ್ನೊಂದು, ಅಮ್ಮನಿಗೆ ಭಾಷೆಯ ಹೆದರಿಕೆ ಬೇಡ. ಚಾವಿ, ಬಟಾಟೆ, ಅನಾನಸು, ಪಾವ್, ಜನೇಲ ಇವೆಲ್ಲ ಅವರ ಬಾಯಿಂದಲೇ ನಮ್ಮ ಕಡೆಗೆ ಬಂದ ಮಾತು. ನಮ್ಮ ಕಾರವಾರದ ಹತ್ತಿರದ ಅಂಜುದೀವ ದ್ವೀಪದಲ್ಲಿ ಅವರು 1505ರಲ್ಲೇ ಕೋಟೆ ಕಟ್ಟಿದ್ದರಲ್ವಾ.

ವೀಸಾಕ್ಕೆ ಆರು ತಿಂಗಳು ಮುಂಚೆಯಿಂದಲೇ ಅರ್ಜಿ ಹಾಕಬಹುದು, ತಡ ಮಾಡಬೇಡಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಬೇಕು.

ಬೈತಖೋಲ್_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲಿಸ್ಬನ್ ಮೂರು, ಓಬಿದುಶ್ ಒಂದು, ನಜರೆ ಮೂರು, ಅವೇರು ಮೂರು ಅಂತ ಮಾಡಿದೆ. ಅಪ್ಪನಿಗೆ ಟ್ರಾಲರ್ ಫೋಟೋ ತೋರಿಸಿದೆ, ಮೊಬೈಲ್ ಕಸಿದುಕೊಂಡು ದೊಡ್ಡದು ಮಾಡಿ ವಿಂಚ್ ಎಲ್ಲಿದೆ ಅಂತ ಹುಡುಕಿದರು. ಅಮ್ಮನದು ಒಂದೇ ಪ್ರಶ್ನೆ: ಅಡುಗೆಮನೆ ಇರುವ ರೂಮು ಸಿಗುತ್ತದಾ? ಅಲ್ಲಿ ತಾರ್ಲೆ (ಬೂತಾಯಿ ಮೀನು) ಸಿಕ್ಕರೆ ತಾನೇ ಸಾರು ಮಾಡುತ್ತಾರಂತೆ.

ಶರಾವತಿ_ಕಡವು

ಸಿಗುತ್ತದೆ. ಜೂನ್ ಅಂದರೆ ಅಲ್ಲಿ ತಾರ್ಲೆಯ ಸೀಸನ್ನು, ಬೀದಿಯಲ್ಲೇ ಕೆಂಡದ ಮೇಲೆ ಸುಡುತ್ತಿರುತ್ತಾರೆ. ಮೀನು ಸಾರಿಗೆ ಹಾಕುವ ಒಣ ಜುಮ್ಮನಕಾಯಿ ಮಾತ್ರ ಇಲ್ಲಿಂದಲೇ ಒಂದು ಮುಷ್ಟಿ ಕಟ್ಟಿಕೊಂಡು ಹೋಗಿ.