ಫೋಟೊ ಇಟ್ಟುಕೊಂಡು ಮಗನನ್ನು ಹೆದರಿಸುತ್ತಿದ್ದಾರೆ: ವಕೀಲರಿಗೆ ನಮ್ಮ ಪ್ರಶ್ನೆಗಳು

ಅಡ್ಮಿನ್: ಮಕ್ಕಳ ಸೈಬರ್ ಕೇಸು ನೋಡುವ ವಕೀಲರು ಇವತ್ತು ಗುಂಪಿನಲ್ಲಿದ್ದಾರೆ. ಹೆಸರು ಬೇಡ, ಏರಿಯಾ ಸಾಕು.

ವಿಜಯನಗರ: ಮೇಡಂ, ಆರನೇ ಕ್ಲಾಸ್ ಮಗಳ ಫೋನಿನ ಮೇಲೆ ನಿಗಾ ಇಡಲು ಯಾವ ಆ್ಯಪ್ ಹಾಕಲಿ?

ವಕೀಲರು: ಆಂಡ್ರಾಯ್ಡ್ ಆದರೆ ಗೂಗಲ್ ಫ್ಯಾಮಿಲಿ ಲಿಂಕ್. ಮಗಳಿಗೆ ಹೇಳಿಯೇ ಹಾಕಿ.

ಬಸವನಗುಡಿ: ಮಗ ಒಂಬತ್ತನೇ ಕ್ಲಾಸ್. ಇನ್‌ಸ್ಟಾಗ್ರಾಮ್‌ನಲ್ಲಿ ಯಾವುದೋ ಹುಡುಗಿ ಬಟ್ಟೆ ಇಲ್ಲದ ಫೋಟೊ ಕೇಳಿದ್ದಾಳೆ, ಇವನು ಕಳಿಸಿಬಿಟ್ಟಿದ್ದಾನೆ. ದುಡ್ಡು ಕೊಡದಿದ್ದರೆ ಕ್ಲಾಸಿನವರಿಗೆಲ್ಲ ಕಳಿಸುತ್ತೇವೆ ಅಂತ ಈಗ ಬೆದರಿಕೆ. ನಿನ್ನೆ ನನ್ನ ಫೋನಿನಿಂದ 2,000 ರೂಪಾಯಿ ಹೋಗಿದ್ದು ನೋಡಿದ ಮೇಲೇ ಗೊತ್ತಾಗಿದ್ದು. ಊಟ ಬಿಟ್ಟಿದ್ದಾನೆ. ಬಾತ್‌ರೂಮಿನ ಚಿಲಕ ಹಾಕಿಕೊಂಡು ಕೂರುತ್ತಾನೆ. ಯಜಮಾನರಿಗೆ ಇನ್ನೂ ಹೇಳಿಲ್ಲ.

ವಕೀಲರು: ಅಮ್ಮಾ, ಮೊದಲು ಮಗನನ್ನು ನೋಡಿಕೊಳ್ಳಿ. ಇವತ್ತು ರಾತ್ರಿ ಒಬ್ಬನೇ ಮಲಗುವುದು ಬೇಡ. 'ನಿನ್ನನ್ನ ಬೈಯಲ್ಲ, ಇದನ್ನ ನಾವು ನೋಡ್ಕೋತೀವಿ' ಅಂತ ಬಾಯಿಬಿಟ್ಟು ಹೇಳಿ. ಸಾಯುವ ಮಾತೇನಾದರೂ ಆಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಇಲ್ಲವೇ ನೇರವಾಗಿ ನಿಮ್ಹಾನ್ಸ್ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

ಇನ್ನು ಒಂದು ಪೈಸೆಯೂ ಕೊಡಬೇಡಿ. ಒಮ್ಮೆ ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ಆ ಕಡೆ ಇರುವುದು ಹುಡುಗಿಯೇ ಅಂತಲೂ ನಂಬಬೇಡಿ. ಚಾಟ್ ಅಳಿಸಬೇಡಿ. ಬೆದರಿಕೆ ಮೆಸೇಜು, ಯೂಸರ್‌ನೇಮ್, ದುಡ್ಡು ಹೋದ ಯುಪಿಐ ಐಡಿ, ಆ ವಹಿವಾಟಿನ ಯುಟಿಆರ್ ನಂಬರ್, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಬ್ಲಾಕ್ ಮಾಡಿ. ಮಗನ ಫೋಟೊವನ್ನು ಮಾತ್ರ ಯಾರಿಗೂ ಕಳಿಸಬೇಡಿ, ನನಗೂ ಬೇಡ.

ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಬೇರೆ ಖಾತೆಗೆ ದಾಟುವ ಮೊದಲು ತಡೆಹಿಡಿಸುವ ಅವಕಾಶ ಇರುತ್ತದೆ. ನಾಳೆ ನಿಮ್ಮ ವಿಭಾಗದ ಸೆನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. 'ಟೇಕ್ ಇಟ್ ಡೌನ್' ಅಂತ ಉಚಿತ ಸೇವೆ ಇದೆ. ಫೋಟೊ ನಿಮ್ಮ ಫೋನಿನಲ್ಲೇ ಇರುತ್ತದೆ, ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ. ಅದನ್ನು ಇಟ್ಟುಕೊಂಡು ಇನ್‌ಸ್ಟಾಗ್ರಾಮ್‌ನಂಥವರು ಫೋಟೊ ಹುಡುಕಿ ತೆಗೆಯುತ್ತಾರೆ. ವಾಟ್ಸ್ಆ್ಯಪ್ ಚಾಟಿನಲ್ಲಿ ಇದು ನಡೆಯುವುದಿಲ್ಲ.

ಮಲ್ಲೇಶ್ವರ: ಫಾರ್ವರ್ಡ್ ಬಂದಿದೆ. ಒಬ್ಬ ಹ್ಯಾಕರ್‌ಗೆ 3,000 ಕೊಟ್ಟರೆ ಬೆದರಿಸುವವರ ಫೋನಿನಿಂದಲೇ ಫೋಟೊ ಅಳಿಸುತ್ತಾನಂತೆ. ನಂಬರ್ ಹಾಕಲಾ?

ವಕೀಲರು: ಹಾಕಬೇಡಿ. ಅದು ಎರಡನೇ ಮೋಸ. ಹೆದರಿದವರನ್ನು ಹುಡುಕಿಕೊಂಡೇ ಇವರು ಬರುವುದು.

ಮಲ್ಲೇಶ್ವರ: ಒಳ್ಳೆಯದಕ್ಕೇ ಹೇಳಿದ್ದು ಮೇಡಂ.

ವಕೀಲರು: ಗೊತ್ತು. ಆದರೂ ಇಂಥ ಗುಂಪಿನಲ್ಲಿ ಆ ನಂಬರ್ ಬಿದ್ದರೆ ಗಾಬರಿಯಲ್ಲಿರುವ ತಾಯಿ ಮೊದಲು ಒತ್ತುವುದು ಅದನ್ನೇ.

ಹೆಬ್ಬಾಳ: ಈ ವಯಸ್ಸಿಗೆ ಫೋನ್ ಕೊಟ್ಟಿದ್ದೇ ತಪ್ಪು. ಕಿತ್ತುಕೊಂಡು ಎರಡು ಬಾರಿಸಿದರೆ ಸರಿ ಹೋಗುತ್ತಾನೆ.

ರಾಜಾಜಿನಗರ: ಹೋಮ್‌ವರ್ಕ್ ಬರುವುದೇ ವಾಟ್ಸ್ಆ್ಯಪ್‌ನಲ್ಲಿ ಸಾರ್. ಫೋನ್ ಕಿತ್ತುಕೊಂಡು ಏನು ಮಾಡುತ್ತೀರಿ?

ಹೆಬ್ಬಾಳ: ನಾವೆಲ್ಲ ಫೋನ್ ಇಲ್ಲದೇ ಓದಲಿಲ್ವಾ?

ರಾಜಾಜಿನಗರ: ಆವಾಗ ನಿಮ್ಮ ಮನೆಯೊಳಗೆ ಬಂದು ಹೆದರಿಸುವವರು ಇರಲಿಲ್ಲ. ಆ ತಾಯಿ ಓದುತ್ತಿದ್ದಾರೆ, ಸ್ವಲ್ಪ ಯೋಚಿಸಿ ಬರೆಯಿರಿ.

ವಕೀಲರು: ಹೆಬ್ಬಾಳದವರೇ, ಏಟು ಬೀಳುತ್ತದೆ ಅಂತ ಹೆದರಿ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ಭಯವೇ ಕದೀಮರಿಗೆ ಬಂಡವಾಳ. ಇಲ್ಲಿಗೆ ನಿಲ್ಲಿಸಿ.

ಕೆಂಗೇರಿ: ಮಗಳ ಫೋಟೊ ಹಾಕಿ ಕ್ಲಾಸಿನವರೇ ನಕಲಿ ಖಾತೆ ಮಾಡಿದ್ದಾರೆ. ಕೆಟ್ಟ ಕಾಮೆಂಟ್ ಬೇರೆ.

ವಕೀಲರು: ಆ ಖಾತೆಯ ಲಿಂಕ್, ಕಾಮೆಂಟ್ ಉಳಿಸಿಕೊಳ್ಳಿ. ಆಮೇಲೆ ಖಾತೆಯನ್ನು ರಿಪೋರ್ಟ್ ಮಾಡಿ. ಪ್ರಿನ್ಸಿಪಾಲರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಮಾಡಿದವರೂ ಮಕ್ಕಳೇ, ಅವರ ಹೆಸರನ್ನು ಗುಂಪುಗಳಲ್ಲಿ ಹಾಕಬೇಡಿ.

ಯಲಹಂಕ: ಗೇಮ್‌ನಲ್ಲಿ ಮಗ ನನ್ನ ಕಾರ್ಡ್‌ನಿಂದ ಡೈಮಂಡ್ ತಗೊಂಡಿದ್ದಾನೆ, ದುಡ್ಡು ವಾಪಸ್ ಬರುತ್ತಾ?

ಜಯನಗರ: ಯಾವ ಆ್ಯಪ್ ಒಳ್ಳೆಯದು ಮೇಡಂ?

ವಕೀಲರು: ಮೇಲೆ ಓದಿ.

ಬಸವನಗುಡಿ: ಮೇಡಂ, 1930ಕ್ಕೆ ಮಾಡಿದೆ, ದೂರಿನ ನಂಬರ್ ಬಂತು. ಯಜಮಾನರಿಗೂ ಹೇಳಿದೆ. ಅವರು ಈಗಲೇ ಹತ್ತಿರದ ಸ್ಟೇಷನ್‌ಗೆ ಹೋದರೆ 'ಇದು ನಮ್ಮದಲ್ಲ, ಹುಡುಗನಿಗೆ ಬುದ್ಧಿ ಹೇಳಿ' ಅಂದರಂತೆ. ಮಕ್ಕಳ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ ಹುಡುಗಿಯರಿಗೆ ಮಾತ್ರ ಅಲ್ವಾ?

ವಕೀಲರು: ಅಲ್ಲ. 18 ತುಂಬದ ಎಲ್ಲ ಮಕ್ಕಳಿಗೂ, ಗಂಡು ಹುಡುಗರಿಗೂ. ಆ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮಗನ ಹೇಳಿಕೆಯನ್ನು ನಿಮ್ಮ ಮನೆಯಲ್ಲೇ ಪಡೆಯಬಹುದು. ಬರುವ ಅಧಿಕಾರಿ ಯೂನಿಫಾರ್ಮ್ ಹಾಕಿರಬಾರದು. ರಾತ್ರಿ ಅವನನ್ನು ಠಾಣೆಯಲ್ಲಿ ಕೂರಿಸುವ ಹಾಗಿಲ್ಲ. ವ್ಯಾಪ್ತಿ ನಮ್ಮದಲ್ಲ ಅಂತ ದೂರು ತಳ್ಳುವಂತಿಲ್ಲ, ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಬಿಎನ್‌ಎಸ್‌ಎಸ್‌ನ 173ನೇ ಸೆಕ್ಷನ್ ತೋರಿಸಿ. ನಾಳೆ ಬೆಳಗ್ಗೆ ಇಬ್ಬರೂ ಸೆನ್ ಠಾಣೆಗೆ ಹೋಗಿ. ಅಲ್ಲಿಯೂ ವಾಪಸ್ ಕಳಿಸಿದರೆ ಹೊರಗೆ ಬರಬೇಡಿ, ಅಲ್ಲಿಂದಲೇ ನನಗೆ ಫೋನ್ ಮಾಡಿ. ಮಗ ಏನಾದರೂ ತಿಂದನಾ?