‘ನೇರವಾಗಿ’ ಅನ್ನೋ ಪದದ ಜಗಳ: ಡೆಸ್ಕ್ ಸರ್‌ಗೆ ಕೇಳಿ

ಮಡಿಕೇರಿ ಟೀಚರ್: ನಮಸ್ಕಾರ ಸರ್. ನೀವು ಪತ್ರಿಕೆ ಡೆಸ್ಕ್‌ನಲ್ಲಿ ಇದ್ದವರು, ಅದಕ್ಕೆ ಕೇಳ್ತಿದ್ದೇನೆ. ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಗೂಗಲ್, ಫೇಸ್‌ಬುಕ್ ಸರ್ವರ್‌ಗೆ ನೇರವಾಗಿ ಕೈ ಹಾಕಿದೆ ಅಂತ, ಅದರ ಗುಪ್ತ ದಾಖಲೆಗಳನ್ನು ಬಯಲು ಮಾಡಿದ ಸ್ನೋಡೆನ್ ಕಾಲದಲ್ಲಿ ಸುದ್ದಿ ಬಂತು. ಕಂಪನಿಗಳು ಇಲ್ಲ ಅಂದವು. ಯಾರು ಸರಿ?

ಡೆಸ್ಕ್ ಸರ್: ಟೀಚರೇ, ಇದು ಈಗಲೂ ನನ್ನ ತಲೆ ತಿನ್ನುವ ಸುದ್ದಿ. 2013ರ ಜೂನ್ 6ಕ್ಕೆ ವಾಷಿಂಗ್ಟನ್ ಪೋಸ್ಟ್, ಗಾರ್ಡಿಯನ್ ಎರಡೂ ಪ್ರಿಸಂ ಅನ್ನೋ ಎನ್‌ಎಸ್‌ಎ ಮಾಹಿತಿ ಸಂಗ್ರಹ ಕಾರ್ಯಕ್ರಮದ ಬಗ್ಗೆ ಬರೆದವು. 9 ಕಂಪನಿಗಳ ಹೆಸರಿತ್ತು. ‘ಸರ್ವರ್‌ಗಳಿಂದ ನೇರವಾಗಿ’ ಅಂತ ಎನ್‌ಎಸ್‌ಎ ಸ್ಲೈಡ್‌ನಲ್ಲೇ ಇತ್ತು, ಅಂದ್ರೆ ವರದಿಗಾರರು ಕಥೆ ಕಟ್ಟಲಿಲ್ಲ. ಆದರೆ ಅದು ಆಫೀಸಿನೊಳಗಿನ ಸ್ಲೈಡ್, ಅದರ ಮಾತನ್ನೇ ಎತ್ತಿ ಮೊದಲ ಸಾಲಿಗೆ ಹಾಕಿದ್ದರೆ ನಮ್ಮ ಡೆಸ್ಕ್‌ನಲ್ಲಿ ನಾನು ಕಾಪಿ ವಾಪಸ್ ಕಳಿಸ್ತಿದ್ದೆ. ಕಂಪನಿಗಳು ಗೊತ್ತಿದ್ದೇ ಸೇರಿದ್ದವು ಅನ್ನೋ ಮಾತನ್ನು ಪೋಸ್ಟ್ ಆಮೇಲೆ ತೆಗೆಯಿತು. 2014ರ ಜುಲೈನಲ್ಲಿ ಅಲ್ಲಿನ ಖಾಸಗಿತನದ ಮೇಲ್ವಿಚಾರಣಾ ಮಂಡಳಿ ವಿವರ ಕೊಟ್ಟಿತು: ಸರ್ಕಾರ ಇಂಥ ಇಮೇಲ್ ವಿಳಾಸ ಅಂತ ಕಳಿಸುತ್ತೆ, ಅಲ್ಲಿನ ವಿದೇಶಿ ಗೂಢಚಾರಿಕೆ ಕಾನೂನಿನ 702ನೇ ಸೆಕ್ಷನ್ ಪ್ರಕಾರ ಕಂಪನಿ ಅದರ ಮೆಸೇಜ್‌ಗಳನ್ನು ಕೊಡಲೇಬೇಕು. ಕಾಫಿ ಗೋದಾಮಿನ ಕೀ ಕೊಡೋದು ಬೇರೆ, ಚೀಟಿ ತಂದವನಿಗೆ ಮೂಟೆ ಎತ್ತಿ ಹೊರಗೆ ಕೊಡೋದು ಬೇರೆ. ಆದರೂ ಕಾಫಿ ಹೋಯ್ತಲ್ಲ! ‘ನೇರ ಪ್ರವೇಶ ಕೊಟ್ಟಿಲ್ಲ’ ಅಂದ ಕಂಪನಿಗಳನ್ನೂ ಪೂರ್ತಿ ನಂಬಬೇಡಿ.

ವಿರಾಜಪೇಟೆ ಅಕ್ಕ: ವಾಟ್ಸಾಪ್‌ನಲ್ಲಿ ಮೂರು ಟಿಕ್ ಬಂದ್ರೆ ಸರ್ಕಾರ ಓದಿದೆ ಅಂತೆ. ಇದನ್ನು 10 ಜನಕ್ಕೆ ಕಳಿಸಿದ್ರೆ ಓದೋಕೆ ಆಗಲ್ವಂತೆ. ನಿಜಾನಾ?

ಡೆಸ್ಕ್ ಸರ್: ಸುಳ್ಳು. ಮೂರನೇ ಟಿಕ್ಕೇ ಇಲ್ಲ. ಕಳಿಸಬೇಡಿ.

ತೋಟದ ಹುಡುಗ: ಹಾಗಾದ್ರೆ ಪ್ರಿಸಂ ಸುದ್ದೀನೇ ಸುಳ್ಳು. ಅದಕ್ಕೆ 2014ರಲ್ಲಿ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬೇರೆ!

ನಾಪೋಕ್ಲು ನೆಟ್‌ವರ್ಕ್: ಒಂದು ಪದ ತಪ್ಪಾದ್ರೆ ಸುದ್ದಿ ಸುಳ್ಳಾಗುತ್ತಾ? 2013ರ ಅಕ್ಟೋಬರ್‌ನಲ್ಲಿ ಗೂಗಲ್, ಯಾಹೂ ಡೇಟಾ ಸೆಂಟರ್‌ಗಳ ನಡುವಿನ ಲೈನ್‌ಗೇ ಕನ್ನ ಹಾಕಿದ್ದು ಬಯಲಾಯ್ತು.

ತೋಟದ ಹುಡುಗ: ಅದೂ ಪ್ರಿಸಂ ತಾನೇ.

ನಾಪೋಕ್ಲು ನೆಟ್‌ವರ್ಕ್: ಅಲ್ಲ ಮಾರಾಯ, ಅದು ಮಸ್ಕ್ಯುಲರ್ ಅನ್ನೋ ಬೇರೆ ಕಾರ್ಯಕ್ರಮ. ಓದಿ ಮಾತಾಡು.

ತೋಟದ ಹುಡುಗ: ನೀನೊಬ್ಬನೇ ಓದಿದವನು.

ಡೆಸ್ಕ್ ಸರ್: ಇಬ್ಬರೂ ಸುಮ್ನಿರಿ. ಎರಡನ್ನೂ ಒಂದೇ ಅಂತ ಬರೆದ ಕಾಪಿ ನಾನು ಬೇಕಾದಷ್ಟು ತಿದ್ದಿದ್ದೇನೆ, ಈಗ ಇಲ್ಲೂ ತಿದ್ದಬೇಕಾ?

ಸೋಮವಾರಪೇಟೆ ಅಂಕಲ್: ಮೂರು ಟಿಕ್ ಬಂದ್ರೆ ಹುಷಾರು! 10 ಜನಕ್ಕೆ ಕಳಿಸಿ.

ಡೆಸ್ಕ್ ಸರ್: ಮೇಲೆ ಓದಿ ಅಂಕಲ್. ಇನ್ನೊಂದು ಸಲ ಇದೇ ಬಂದರೆ ಅಡ್ಮಿನ್‌ಗೆ ಹೇಳ್ತೇನೆ. ಇಲ್ಲಿ ಮಳೆ, ಕರೆಂಟ್ ಇಲ್ಲ, ಫೋನ್ ಚಾರ್ಜ್ ಮುಗೀತಾ ಬಂತು.

ಮಡಿಕೇರಿ ಟೀಚರ್: ಸರ್, ಕೊನೇದು. ಯಾಹೂ ಇಂಥದ್ದೇ ಆದೇಶದ ವಿರುದ್ಧ ಗುಪ್ತ ಕೋರ್ಟ್‌ನಲ್ಲಿ ಹೋರಾಡಿ 2008ರಲ್ಲೇ ಸೋತಿತ್ತಂತೆ. ಆಗಲೇ ಇದು ಪತ್ರಿಕೆಗಳಿಗೆ ಗೊತ್ತಿದ್ದಿದ್ದರೆ ಮೊದಲ ದಿನದ ಸುದ್ದಿ ಹೇಗಿರ್ತಿತ್ತು?

ತೋಟದ ಹುಡುಗ: ಸರ್ ಆಫ್‌ಲೈನ್.